ಎರಡು ಮಳೆಗಾಲ ಉರಿಸಿ ನೋಡಿದ, ಮೇಣದಬತ್ತಿಯೊಳಗೆ ಹಾಕುವ ರೆಡಿಮೇಡ್ ದಾರದ ಬತ್ತಿ

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಜೂನ್‌ನಲ್ಲಿ ಗಾಳಿಮಳೆ ಹಿಡಿದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ, ಇನ್ವರ್ಟರ್ ಒಂದೇ ದಿನಕ್ಕೆ ಸುಸ್ತು. ಹಾಗಾಗಿ ಮೇಣದ ತುಂಡುಗಳನ್ನೆಲ್ಲ ಕರಗಿಸಿ ಖಾಲಿ ಜಾಮ್ ಬಾಟಲಿಗೆ ಹೊಯ್ದು ಹೊಸ ಬತ್ತಿ ಹಾಕುತ್ತೇನೆ. ಅದಕ್ಕೆಂದೇ ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ನೂರು ಬತ್ತಿಯ ಪ್ಯಾಕೆಟ್ ತರಿಸಿದೆ. ಹೆಣೆದ ಹತ್ತಿದಾರ, ಮೊದಲೇ ಮೇಣ ಹಚ್ಚಿದ್ದು, ಬುಡಕ್ಕೆ ತಗಡಿನ ಬಿಲ್ಲೆ.

ದೊಡ್ಡ ತಕರಾರು ಮೊದಲು ಹೇಳಿಬಿಡುತ್ತೇನೆ. ಪ್ಯಾಕೆಟ್ ಮೇಲೆ ಉದ್ದ ಎಷ್ಟು ಅಂತ ದಪ್ಪಕ್ಷರದಲ್ಲಿದೆ, ಬತ್ತಿ ಎಷ್ಟು ದಪ್ಪ ಅಂತ ಎಲ್ಲೂ ಇಲ್ಲ. ಉದ್ದ ಯಾರಿಗೆ ಬೇಕು, ಕತ್ತರಿಸಿದರೆ ಆಯಿತಲ್ವಾ? 5 ಸೆಂ.ಮೀ. ಅಗಲದ ಸಣ್ಣ ಬಾಟಲಿಯಲ್ಲಿ ಚೆನ್ನಾಗಿ ಉರಿಯಿತು. 7.5 ಸೆಂ.ಮೀ. ಬಾಟಲಿಯಲ್ಲಿ ನಡುವೆ ಬಾವಿ ತೋಡಿದ ಹಾಗೆ ಇಳಿಯುತ್ತಾ ಹೋಯಿತು, ಸುತ್ತಲಿನ ಮೇಣ ಕರಗಲೇ ಇಲ್ಲ, ಕೊನೆಗೆ ಕುಡಿ ಮೇಣದಲ್ಲೇ ಮುಳುಗಿ ನಂದಿತು. ಸರಿ, ಎರಡು ಬತ್ತಿ ಸೇರಿಸಿ ಹೊಸೆದೆ. ಈಗ ಗೇಣುದ್ದ ಉರಿ, ಕುಡಿಯಲ್ಲಿ ಅಣಬೆಯಂಥ ಕರಿಗಂಟು, ಬಾಟಲಿ ಬಾಯಿಗೆಲ್ಲ ಮಸಿ. "ಯಾರಿಗೆ ಕಾಡಿಗೆ ಮಾಡ್ತಾ ಇದೀಯ?" ಅಂತ ಅಮ್ಮ ಕೇಳಿದಳು.

ತಪ್ಪು ನನ್ನದೇ. ಹೆಣೆದ ಬತ್ತಿ ಉರಿಯುವಾಗ ಸ್ವಲ್ಪ ಬಾಗಿ, ತುದಿ ಜ್ವಾಲೆಯ ಅಂಚಿಗೆ ಬಂದು, ತಾನೇ ಸುಟ್ಟು ಬೂದಿಯಾಗುತ್ತದೆ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಈ ಹೆಣಿಗೆ ಬರುವ ಮುಂಚೆ ಜನ ಕತ್ತರಿ ಹಿಡಿದು ಪದೇ ಪದೇ ಕರಿ ಕತ್ತರಿಸುತ್ತಿದ್ದರಂತೆ. ನಾನು ಹೊಸೆದಾಗ ಆ ಬಾಗುವ ಗುಣವೇ ಹೋಯಿತು. ಈಗ ದೊಡ್ಡ ಬಾಟಲಿಗೆ ಎರಡು ಬತ್ತಿಯನ್ನು ಎರಡು ಬೆರಳಿನಷ್ಟು ದೂರ ನಿಲ್ಲಿಸುತ್ತೇನೆ. ಅಂಚಿನವರೆಗೂ ಸಮನಾಗಿ ಕರಗುತ್ತದೆ.

ಕುಡಿ ಕತ್ತರಿಸುವುದನ್ನಂತೂ ಬಿಡಬೇಡಿ. ಮೇಣ ಪೂರ್ತಿ ಆರಿದ ಮೇಲೆ, ಮತ್ತೆ ಹಚ್ಚುವ ಮುಂಚೆ, 5–6 ಮಿ.ಮೀ. ಉಳಿಸಿ. ಬಾಟಲಿ ತುಂಬಿರುವಾಗ ನೇಲ್ ಕಟ್ಟರ್ ಸಾಕು. ಕರಿಚೂರು ಮೇಣದೊಳಗೆ ಬೀಳದ ಹಾಗೆ ನೋಡಿಕೊಳ್ಳಿ, ಅದಕ್ಕೂ ಬೆಂಕಿ ಹತ್ತುತ್ತದೆ.

ಮೊದಲ ಸಲ ಹಚ್ಚಿದಾಗ ಮೇಣ ಅಂಚು ಮುಟ್ಟುವ ತನಕ, ಅಂದರೆ ಎರಡು ಮೂರು ಗಂಟೆ, ಉರಿಯಲು ಬಿಡಬೇಕು. ನಮ್ಮ ಮನೆಯಲ್ಲಿ ಅದೆಲ್ಲಿ ಸಾಧ್ಯ! ಕರೆಂಟ್ ಬಂತು ಅಂದರೆ ಯಾರೋ ಒಬ್ಬರು ಓಡಿ ಬಂದು ಉಫ್ ಅಂತ ಊದಿಬಿಡುತ್ತಾರೆ. ಮತ್ತೆ ಬಾವಿ. ಆಗ ಬಾಟಲಿ ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ, ನಡುವೆ ತೂತು ಬಿಟ್ಟು, ಪಕ್ಕದಲ್ಲೇ ಕೂತು ಸ್ವಲ್ಪ ಹೊತ್ತು ಉರಿಸಿದರೆ ಅಂಚಿನ ಮೇಣ ಇಳಿಯುತ್ತದೆ.

ಮೆಚ್ಚಿದ್ದು ಒಂದು. ನಮ್ಮ ಥಂಡಿಯಲ್ಲಿ ದೇವರ ಮನೆಯ ಹೂಬತ್ತಿ ಚಟಪಟ ಅನ್ನುತ್ತದೆ, ಇದು ಸುಮ್ನೆ ಡಬ್ಬದಲ್ಲಿಟ್ಟರೂ ಹಾಗೆ ಮಾಡಲಿಲ್ಲ. ಬಿಲ್ಲೆ ಮಾತ್ರ ಆರೇಳು ಬತ್ತಿಯಲ್ಲಿ ಸಡಿಲ ಇತ್ತು, ಇಕ್ಕಳದಲ್ಲಿ ಒತ್ತಿ ಸರಿ ಮಾಡಿಕೊಂಡೆ. ತಳದಲ್ಲಿ ಬೆರಳಗಲ ಮೇಣ ಉಳಿದಾಗ ಆರಿಸಿಬಿಡಿ. ತೀರಾ ಕೊನೆವರೆಗೆ ಉರಿಸಲು ಹೋಗಿ ನನ್ನ ಒಂದು ಬಾಟಲಿ ಸೀಳಿದೆ.

ಐದಕ್ಕೆ ಮೂರೂವರೆ. ದಪ್ಪ ಬರೆದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.