ಬ್ಯಾಂಕಾಕ್‌ನಲ್ಲಿ ಟೀಚರ್ ಕೆಲಸ ಅಂತ ಹೋಗೋರು ಹುಬ್ಬಳ್ಳಿಯಿಂದಲೇ ರೂಮಿಗೆ ದುಡ್ಡು ಕಟ್ಟಬೇಡಿ

ಮೊನ್ನೆ ಗದಗಿನ ಹುಡುಗಿಯೊಬ್ಬಳು ನನ್ನ ಜೂನಿಯರ್ ಹತ್ತಿರ ನಂಬರ್ ತಗೊಂಡು ಒಂದು ವಿಡಿಯೋ ಕಳಿಸಿದಳು. ನಲವತ್ತು ಸೆಕೆಂಡು ಇರಬಹುದು. ಬಿಳಿ ಗೋಡೆ, ನೀಲಿ ಪರದೆ, ಎಸಿ, ಮೂಲೆಯಲ್ಲಿ ಸಣ್ಣ ಫ್ರಿಜ್. ಫ್ರಿಜ್ ಬಾಗಿಲಿಗೆ ಅರ್ಧ ಕಿತ್ತುಹೋದ ಹಳದಿ ಹೂವಿನ ಸ್ಟಿಕ್ಕರ್. ಕೆಳಗೆ ಬರೆದಿದ್ದಳು: "ಅಕ್ಕಾ, ಬ್ಯಾಂಕಾಕ್‌ಗೆ ಟೀಚರ್ ಆಗಿ ಹೊಂಟೇನ್ರಿ. ಈ ರೂಮ್ ಚಲೋ ಐತೇನ್ರಿ? ಈ ವಾರದಾಗ ರೊಕ್ಕ ಕಟ್ರಿ ಅನ್ನಾಕತ್ತಾರ."

ಆ ಸ್ಟಿಕ್ಕರ್ ನೋಡಿ ಎದೆ ಧಸಕ್ ಅಂತು. ಅದೇ ರೂಮಿನಲ್ಲಿ ನಾನು ಎರಡೂವರೆ ತಿಂಗಳು ಇದ್ದೆ. 2024ರ ಏಪ್ರಿಲ್‌ನಲ್ಲಿ ನನಗೆ ಕಳಿಸಿದ್ದೂ ಇದೇ ವಿಡಿಯೋ. ಅದೇ ಪರದೆ, ಅದೇ ಸ್ಟಿಕ್ಕರ್.

ಇಷ್ಟು ದಿನ ನಾಚಿಕೆಯಿಂದ ಬಾಯಿ ಬಿಟ್ಟಿರಲಿಲ್ಲ. ಹತ್ತು ಮಕ್ಕಳಿಗೆ ಬುದ್ಧಿ ಹೇಳೋಳು ತಾನೇ ಮೋಸ ಹೋದೆ ಅಂತ ಹೇಗೆ ಹೇಳ್ಕೊಳ್ಳೋದು? ಆದರೆ ಆ ವಿಡಿಯೋ ಇನ್ನೂ ತಿರುಗಾಡ್ತಿದೆ ಅಂದಮೇಲೆ ಸುಮ್ನಿರೋಕೆ ಆಗಲ್ಲ.

ನಾನು ಧಾರವಾಡದವಳು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ., ಆಮೇಲೆ ಬಿ.ಎಡ್. ನಾಲ್ಕು ವರ್ಷ ಖಾಸಗಿ ಶಾಲೆಯಲ್ಲಿ ಪಾಠ ಮಾಡಿದೆ. ಅಲ್ಲಿ ಸಂಬಳ ಎಷ್ಟು ಕೊಡ್ತಾರೆ ಅಂತ ನಿಮಗೇ ಗೊತ್ತು. ಹುಬ್ಬಳ್ಳಿಯ ಒಂದು ಕನ್ಸಲ್ಟೆನ್ಸಿ ಮೂಲಕ ಥಾಯ್ಲೆಂಡ್‌ನಲ್ಲಿ ಕೆಲಸ ಸಿಕ್ಕಿತು. ಕೆಲಸ ಸುಳ್ಳಲ್ಲ, ಇದನ್ನ ಮೊದಲೇ ಹೇಳಿಬಿಡ್ತೇನೆ. 2022ರಲ್ಲಿ ಥಾಯ್ಲೆಂಡ್ ಕೆಲಸದ ಹೆಸರಲ್ಲಿ ಮೋಸ ಆಗ್ತಿದೆ ಅಂತ ನಮ್ಮ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಕೊಟ್ಟಿತ್ತಲ್ಲ, ಅವ್ವನಿಗೆ ಅದರದ್ದೇ ಭಯ. ಅದಕ್ಕೇ ಎಲ್ಲ ಕಾಗದ ಎರಡೆರಡು ಸಲ ನೋಡಿದೆ. ಶಾಲೆಯ ಪತ್ರ ನಿಜ, ನಾನ್ ಬಿ ವೀಸಾ, ಅಂದರೆ ಅಲ್ಲಿ ಕೆಲಸ ಮಾಡೋಕೆ ಹೋಗೋರಿಗೆ ಕೊಡೋ ವೀಸಾ, ಅದೂ ನಿಜ. ಟೂರಿಸ್ಟ್ ಆಗಿ ಹೋಗಿ ಆಮೇಲೆ ನೋಡೋಣ ಅನ್ನೋ ಮಾತೂ ಇರಲಿಲ್ಲ. ಎಲ್ಲ ಸರಿ ಇದೆ ಅಂತ ಧೈರ್ಯ ಬಂತು. ಆ ಧೈರ್ಯದಲ್ಲೇ ರೂಮಿನ ವಿಷಯ ಅವರ ಕೈಗೆ ಬಿಟ್ಟೆ. ಅಲ್ಲೇ ತಪ್ಪಿದ್ದು.

"ಅಕ್ಕಾರ, ನೀವು ಹೆಣ್ಮಕ್ಕಳು, ಅಲ್ಲಿ ಹೋಗಿ ರಾತ್ರಿ ಎಲ್ಲಿ ಅಡ್ಯಾಡ್ತೀರಿ? ರೂಮ್ ಇಲ್ಲಿಂದನ ಮಾಡಿ ಕಳಸ್ತೇವಿ" ಅಂದರು. ಬಾಡಿಗೆ 6,500 ಬಾತ್. ಎರಡು ತಿಂಗಳ ಡೆಪಾಸಿಟ್, ಒಂದು ತಿಂಗಳ ಅಡ್ವಾನ್ಸ್. ಒಟ್ಟು 19,500 ಬಾತ್, ಆಗಿನ ಲೆಕ್ಕದಲ್ಲಿ ಸುಮಾರು 45,000 ರೂಪಾಯಿ. ಮೇಲೆ ಸರ್ವಿಸ್ ಅಂತ 5,000. ಒಂದು ವರ್ಷದ ಕರಾರು, ಮುಂಚೆ ಬಿಟ್ಟರೆ ಡೆಪಾಸಿಟ್ ಇಲ್ಲ. ಎರಡು ತಿಂಗಳ ಡೆಪಾಸಿಟ್ ಕೇಳೋದು ಅಲ್ಲಿ ಸಾಮಾನ್ಯ. ಹಾಗಾಗಿ ಅನುಮಾನ ಬರಲಿಲ್ಲ.

ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದವರು. ಅವತ್ತು ನನ್ನ ಜೊತೆ ಆಫೀಸಿಗೆ ಬಂದಿದ್ದರು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಮನಿಯಿಂದ ಸಾಲಿಗೆ ಹೋಗಾಕ ಎಷ್ಟು ಗಾಡಿ ಬದಲಿ ಮಾಡ್ಬೇಕ್ರಿ?" ಕನ್ಸಲ್ಟೆನ್ಸಿಯವನು ನಕ್ಕ. "ಕಾಕಾರ, ಅದು ಬ್ಯಾಂಕಾಕ್ ರೀ, ಮೆಟ್ರೋ ಐತ್ರಿ" ಅಂದ. ನಾನು ಅಪ್ಪನ ತೋಳು ಹಿಡಿದು ಸುಮ್ನಿರಿಸಿದೆ. ಆ ಎಸಿ ಆಫೀಸಿನಲ್ಲಿ ಅಪ್ಪ ಬಸ್ಸಿನ ಮಾತು ತೆಗೆದಿದ್ದು ನನಗೆ ಮುಜುಗರ ಆಗಿತ್ತು. ಇದನ್ನ ಬರೆಯುವಾಗ ಈಗಲೂ ಸಂಕಟ ಆಗುತ್ತೆ. ಕೇಳಬೇಕಾಗಿದ್ದು ಅದೊಂದೇ ಪ್ರಶ್ನೆ. ಅಪ್ಪ ಕೇಳಿದ್ದರು. ನಾನೇ ಬಾಯಿ ಮುಚ್ಚಿಸಿದೆ.

ಮೇ ಎರಡನೇ ವಾರ ಡಾನ್ ಮುಯಾಂಗ್ ವಿಮಾನ ನಿಲ್ದಾಣದಲ್ಲಿ ಇಳಿದೆ. ಟ್ಯಾಕ್ಸಿ ರಂಗ್ಸಿತ್ ಕಡೆ ಹೊರಟಿತು. ಅಲ್ಲಿ ದೊಡ್ಡ ಕಾಲುವೆ ಒಂದಿದೆ, ಅದಕ್ಕೆ ಅಡ್ಡಡ್ಡ ಕಾಲುವೆಗಳು, ಅವಕ್ಕೆ ನಂಬರು. ಕ್ಲೋಂಗ್ ಅಂದರೆ ಕಾಲುವೆ. ಕ್ಲೋಂಗ್ 2 ಬಂತು, ಕ್ಲೋಂಗ್ 3 ಬಂತು. ಮಾಲ್, ಅಂಗಡಿ ಎಲ್ಲ ಹಿಂದೆ ಹೋದವು. ಕ್ಲೋಂಗ್ 5. ಕ್ಲೋಂಗ್ 6. ಪ್ರತಿ ಸೇತುವೆ ಬಂದಾಗಲೂ ಇಲ್ಲೇ ನಿಲ್ಲುತ್ತೆ ಅಂದ್ಕೊಳ್ತಿದ್ದೆ. ಕ್ಲೋಂಗ್ 7ರಲ್ಲಿ ಒಳಗೆ ತಿರುಗಿ ಇನ್ನೂ ಒಂದಿಷ್ಟು ದೂರ ಹೋಗಿ ನಿಂತಿತು. ಇದು ಬ್ಯಾಂಕಾಕ್ ಅಲ್ಲವೇ ಅಲ್ಲ. ಪಥುಮ್ ಥಾನಿ ಅಂತ ಬೇರೆ ಪ್ರಾಂತ್ಯ.

ಇನ್ನು ಶಾಲೆ ಎಲ್ಲಿ? ಬಾಂಗ್ ಬುವಾ ಥೋಂಗ್. ಅದೂ ಬ್ಯಾಂಕಾಕ್ ಅಲ್ಲ, ನೊಂಥಬುರಿ ಪ್ರಾಂತ್ಯ. ಎರಡೂ ಬ್ಯಾಂಕಾಕ್ ಪಕ್ಕದಲ್ಲೇ ಇವೆ, ಸುಳ್ಳಲ್ಲ. ಆದರೆ ಇದು ಹೇಗೆ ಅಂದರೆ, ನವಲಗುಂದದಲ್ಲಿ ಮನೆ, ಕಲಘಟಗಿಯಲ್ಲಿ ಶಾಲೆ, ಎರಡೂ ಹುಬ್ಬಳ್ಳಿ ಹತ್ತಿರಾನೇ ಅಲ್ವಾ ಅಂದ ಹಾಗೆ. ನಮ್ಮ ಊರಾಗಿದ್ದರೆ ಕೇಳಿದ ಕೂಡಲೇ ಎದ್ದು ಬರ್ತಿದ್ದೆವು. ಪರದೇಶದ ಹೆಸರುಗಳು ನೋಡಿ, ಗೊತ್ತಾಗಲಿಲ್ಲ.

ಬೆಳಗಿನ ದಾರಿ ಕೇಳಿ. ಐದು ಗಂಟೆಗೆ ಕತ್ತಲಲ್ಲಿ ಹೊರಡಬೇಕು. ಓಣಿಯಲ್ಲಿ ಐದಾರು ನಾಯಿ, ಕೈಯಲ್ಲಿ ಛತ್ರಿ ಹಿಡಿದೇ ನಡೀಬೇಕು. ಬಸ್ಸಿನಲ್ಲಿ ರಂಗ್ಸಿತ್. ಅಲ್ಲಿಂದ ಕೆಂಪು ಲೈನ್ ರೈಲಿನಲ್ಲಿ ಲಕ್ ಸಿ. ಅಲ್ಲಿ ಇಳಿದು ಗುಲಾಬಿ ಲೈನ್ ಹತ್ತಿ ನೊಂಥಬುರಿ. ಅಲ್ಲಿ ಮತ್ತೆ ಇಳಿದು ನೇರಳೆ ಲೈನ್, ಅದರ ಕೊನೆಯ ಸ್ಟೇಷನ್ ಕ್ಲೋಂಗ್ ಬಾಂಗ್ ಪೈ. ಅಲ್ಲಿಂದ ಕಿತ್ತಳೆ ಜಾಕೆಟ್ಟಿನ ಬೈಕ್ ಟ್ಯಾಕ್ಸಿ. ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ: ಐದು ಗಾಡಿ. ಎರಡು ಗಂಟೆ ಹತ್ತು ನಿಮಿಷ, ಬಸ್ ಬೇಗ ಸಿಕ್ಕರೆ. ಏಳೂವರೆಗೆ ಶಾಲೆಯಲ್ಲಿ ಬೆರಳು ಒತ್ತಬೇಕು, ಎಂಟಕ್ಕೆ ಬಾವುಟ, ರಾಷ್ಟ್ರಗೀತೆ. ಮಕ್ಕಳ ಮುಂದೆ ಬೆವರು ಸುರಿಸುತ್ತಾ ನಿಲ್ತಿದ್ದೆ. ದಿನಕ್ಕೆ 200 ಬಾತ್ ಮೇಲೆ ಓಡಾಟಕ್ಕೇ ಹೋಗ್ತಿತ್ತು. ಸಂಬಳ 23,000 ಬಾತ್.

ರೂಮಿನಲ್ಲಿ ಅಡುಗೆಮನೆ ಇಲ್ಲ. ಆ ಕಡೆ ಬಾಡಿಗೆ ರೂಮುಗಳಲ್ಲಿ ಬಹಳಷ್ಟು ಹಾಗೇ, ಗ್ಯಾಸ್ ಇಡಂಗಿಲ್ಲ. ಇದನ್ನೂ ಇಲ್ಲಿ ಯಾರೂ ಹೇಳಿರಲಿಲ್ಲ. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮೇಲೆ ಮೂರು ವಾರ ಕಳೆದೆ.

ಮೋಸ ಅಂತ ಖಾತ್ರಿ ಆಗಿದ್ದು ಜೂನ್ ಮೊದಲ ವಾರ. ಮನೆ ಒಡತಿ ಕರೆಂಟ್ ಬಿಲ್ಲಿನ ಚೀಟಿ ತಂದಳು. ಯೂನಿಟ್‌ಗೆ 8 ಬಾತ್ ಹಾಕಿದ್ದಳು. ಯಾಕಿಷ್ಟು ಜಾಸ್ತಿ ಅಂತ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದೆ. ಆಕೆ ನಾನು ಬಾಡಿಗೆ ಕೇಳ್ತಿದ್ದೇನೆ ಅಂದ್ಕೊಂಡಳು. ಸೊಂಟದ ಚೀಲದಿಂದ ಕ್ಯಾಲ್ಕುಲೇಟರ್ ತೆಗೆದು 4000 ಅಂತ ಒತ್ತಿ ನನ್ನ ಕಡೆ ತಿರುಗಿಸಿದಳು. ನಾನು ಅದನ್ನ ಅಳಿಸಿ 6500 ಒತ್ತಿದೆ. "ಮೈ ಚೈ, ಮೈ ಚೈ" ಅಂದಳು. ಅಲ್ಲ, ಅಲ್ಲ ಅಂತ. ಮತ್ತೆ 4000 ಒತ್ತಿದಳು. ಡೆಪಾಸಿಟ್ ಎಷ್ಟು ಅಂತ ಕೇಳಿದೆ. ಒಂದು ಬೆರಳು ಎತ್ತಿದಳು. ಒಂದು ತಿಂಗಳು.

ನಾನು ಎರಡು ತಿಂಗಳದ್ದು ಕಟ್ಟಿದ್ದೆ. 6,500ರ ಲೆಕ್ಕದಲ್ಲಿ. ಆಕೆಗೆ ಸೇರಿದ್ದು 8,000 ಬಾತ್. ಉಳಿದ 11,500 ನಡುವೆಯೇ ಹೋಗಿದೆ. ಆಮೇಲೆ ಕರಾರು ಪತ್ರ ತೋರಿಸಿದಳು. ಅದರಲ್ಲಿ ನನ್ನ ಹೆಸರೇ ಇಲ್ಲ. ಇವರ "ಅಲ್ಲಿನ ಪಾರ್ಟ್ನರ್" ಹೆಸರು. ಆ ಒಂದು ಬೆರಳು ಎಷ್ಟೋ ರಾತ್ರಿ ಕಣ್ಣ ಮುಂದೆ ಬರ್ತಿತ್ತು.

ಅವತ್ತೇ ಹುಬ್ಬಳ್ಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಾರನೇ ದಿನ ವಾಯ್ಸ್ ಮೆಸೇಜ್ ಬಂತು. ಇನ್ನೂ ಇಟ್ಟುಕೊಂಡಿದ್ದೇನೆ. "ಅಕ್ಕಾರ, ಬ್ಯಾಂಕಾಕ್ ಅಂದ್ರ ಸುತ್ತಲಿನ ಊರೂ ಬರ್ತಾವ್ರಿ. ಈಗ ನೀವು ಧಾರವಾಡದವ್ರು, ಹೊರಗ ಹೋದಾಗ ಹುಬ್ಬಳ್ಳಿ ಅಂತ ಹೇಳೂದಿಲ್ಲೇನ್ರಿ?" ನಾನು ಯಾವತ್ತೂ ಹುಬ್ಬಳ್ಳಿ ಅಂತ ಹೇಳಿಲ್ಲ. ಧಾರವಾಡ ಅಂತಲೇ ಹೇಳ್ತೇನೆ. ಹೇಳಿದರೂ, ನಡುವೆ 20 ಕಿಲೋಮೀಟರ್, ಒಂದೇ ಚಿಗರಿ ಬಸ್. ಐದು ಗಾಡಿ ಅಲ್ಲ.

ಬಾಡಿಗೆ ವ್ಯತ್ಯಾಸ ಕೇಳಿದೆ. "ಅದು ಪಾರ್ಟ್ನರ್ ನೋಡ್ಕೊಂತಾರ್ರಿ, ನಮ್ಮ ಜವಾಬ್ದಾರಿ ಕೆಲಸದ ಮಟ್ಟಿಗೆ." ಪಾರ್ಟ್ನರ್ ನಂಬರ್ ಕೇಳಿದೆ. "ಅವ್ರು ಬ್ಯುಸಿ ಇರ್ತಾರ್ರಿ." ದುಡ್ಡು ವಾಪಸ್ ಕೇಳಿದೆ. "ನೀವ ಸಹಿ ಮಾಡೀರಿ, ಓದಿದವ್ರು ಅದೀರಿ." ಓದಿದವ್ರು ಅನ್ನೋ ಮಾತು ಎರಡು ಸಲ ಹೇಳಿದ. ಕೊನೆಗೆ, "ಹೊರದೇಶಕ್ಕ ಹೋದವ್ರು ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕ್ರಿ."

ಅಪ್ಪ ಆಫೀಸಿಗೆ ಹೋದರು. ಚಹಾ ಕೊಟ್ಟು ಕೂರಿಸಿ ಏನು ಹೇಳಿದ್ದಾರೆ ಗೊತ್ತಾ? "ಕಾಕಾರ, ನಿಮ್ಮ ಮಗಳಿಗೆ ಮನಿ ನೆನಪಾಗೇತಿ, ಅದಕ್ಕ ಹಿಂಗ ಮಾತಾಡ್ತಾರ. ನೀವ ತಿಳಿಸಿ ಹೇಳ್ರಿ." ಅಪ್ಪ ಆ ಚಹಾ ಮುಟ್ಟದೆ ಎದ್ದು ಬಂದರಂತೆ. ನನ್ನ ದುಡ್ಡು ಹೋಗಿದ್ದಕ್ಕಿಂತ ಇದು ಜಾಸ್ತಿ ಉರಿಯುತ್ತೆ.

ಇನ್ನೊಂದು ತೊಂದರೆ ಇದೆ, ಇದು ಗೊತ್ತಿರಲಿ. ಪರದೇಶದವರು ಬಂದು ಉಳಿದರೆ ಮನೆಯವರು 24 ಗಂಟೆಯೊಳಗೆ ಅಲ್ಲಿನ ವಲಸೆ ಕಚೇರಿಗೆ ತಿಳಿಸಬೇಕು. ಟಿಎಂ30 ಅಂತಾರೆ. ವೀಸಾ ಮುಂದುವರಿಸುವಾಗ ಶಾಲೆಯವರು ಆ ರಸೀದಿ ಕೇಳಿದರು. ಕರಾರಿನಲ್ಲಿ ನನ್ನ ಹೆಸರಿಲ್ಲ, ಹಾಗಾಗಿ ಮನೆ ಒಡತಿ ಮಾಡಿಸಿಯೇ ಇರಲಿಲ್ಲ. ಎರಡು ದಿನ ರಜೆ ಹಾಕಿ ಆಕೆಯನ್ನ ಕಾಡಿ ಬೇಡಿ ಮಾಡಿಸಿದೆ. ರೂಮು ಚಲೋ ಇದ್ದರೂ, ಹೆಸರು ನಿಮ್ಮದಲ್ಲದಿದ್ದರೆ ವೀಸಾಕ್ಕೇ ಕುತ್ತು.

ಜುಲೈ ಕೊನೆಗೆ ಆ ರೂಮು ಬಿಟ್ಟೆ. ಜೊತೆಗೆ ಕೆಲಸ ಮಾಡೋ ಫಿಲಿಪೈನ್ಸ್‌ನ ಟೀಚರ್ ಒಬ್ಬರು ಶನಿವಾರ ಶಾಲೆ ಸುತ್ತ ನಡೆಸಿಕೊಂಡು ಹೋದರು. ಗೇಟುಗಳ ಮೇಲೆ ಖಾಲಿ ರೂಮಿನ ಬೋರ್ಡು ಹಾಕಿರ್ತಾರೆ, "ಹೊಂಗ್ ವಾಂಗ್" ಅಂತ. ಒಂದೇ ಮಧ್ಯಾಹ್ನದಲ್ಲಿ ಆರು ರೂಮು ನೋಡಿದೆವು. 4,500 ಬಾತ್, ಶಾಲೆಗೆ ಹನ್ನೆರಡು ನಿಮಿಷ ನಡಿಗೆ, ಕೆಳಗೆ ತರಕಾರಿ ಸಂತೆ. ಒಂದು ಮಧ್ಯಾಹ್ನ ಸಾಕಿತ್ತು! ಅದಕ್ಕೆ ನಾನು ಹುಬ್ಬಳ್ಳಿಯಲ್ಲಿ 50,000 ರೂಪಾಯಿ ಕೊಟ್ಟಿದ್ದೆ.

ಹಾಗಾಗಿ ಹೋಗೋರು ಕೇಳಿ. ರೂಮು ಇಲ್ಲಿಂದ ಮಾಡಬೇಡಿ. ಮೊದಲ ಒಂದು ವಾರ ಶಾಲೆ ಹತ್ತಿರ ಯಾವುದಾದರೂ ಸಣ್ಣ ಹೋಟೆಲಿನಲ್ಲಿರಿ, ಕಣ್ಣಾರೆ ನೋಡಿ ಆಮೇಲೆ ಕಟ್ಟಿ. ಸಿಟಿ ಹೆಸರು ಕೇಳಬೇಡಿ, ಶಾಲೆಯ ಗೇಟು ಎಲ್ಲಿದೆ ಅಂತ ಕೇಳಿ. ಊರ ಹೊರಗೆ ಶಾಲೆ ಇದ್ದರೆ ಅದೇ ಕಡೆ ಇರಿ, ಇನ್ನೊಂದು ಹೊರವಲಯದಿಂದ ಹೋಗ್ತೇನೆ ಅನ್ನಬೇಡಿ. ಕರಾರು ನಿಮ್ಮ ಹೆಸರಲ್ಲಿರಲಿ, ದುಡ್ಡು ಮನೆಯವರ ಕೈಗೇ ಕೊಡಿ. ಪರದೇಶದ ಕೆಲಸಕ್ಕೆ ಕಳಿಸೋ ನೋಂದಾಯಿತ ಏಜೆಂಟರ ಸರ್ಕಾರಿ ಪಟ್ಟಿ ಇ-ಮೈಗ್ರೇಟ್‌ನಲ್ಲಿದೆ, ನಿಮ್ಮ ಏಜೆಂಟ್ ಅದರಲ್ಲಿದ್ದಾರಾ ನೋಡಿ. ನಾನು ಕೇಳಿದ್ದಕ್ಕೆ "ನಾವು ಏಜೆಂಟ್ ಅಲ್ರಿ, ಕನ್ಸಲ್ಟೆನ್ಸಿ" ಅಂದಿದ್ದ. ಆ ಮಾತು ಕೇಳಿದ ತಕ್ಷಣ ನಾನು ಎದ್ದು ಬರಬೇಕಿತ್ತು.

ಗದಗಿನ ಹುಡುಗಿಗೆ ಇದೆಲ್ಲ ಫೋನಿನಲ್ಲಿ ಹೇಳಿದೆ. ಆಕೆ ಹೋಗಿ ಆತನನ್ನ ಕೇಳಿದ್ದಾಳೆ. "ಆ ಅಕ್ಕಾರಿಗೆ ಅಡ್ಜಸ್ಟ್ ಆಗ್ಲಿಲ್ರಿ, ಅಷ್ಟ" ಅಂದನಂತೆ. ಆಕೆ ನನ್ನ ಅಪ್ಪ ಕೇಳಿದ್ದನ್ನೇ ಕೇಳಿದಳಂತೆ, ಎಷ್ಟು ಗಾಡಿ ಬದಲಿ ಮಾಡ್ಬೇಕು ಅಂತ. ಆತ ಮೆಟ್ರೋ ಐತ್ರಿ ಅಂದ. ಆಕೆ ಯಾವ ಸ್ಟೇಷನ್ ಅಂತ ಕೇಳಿದಳು. ಆತನಿಗೆ ಸ್ಟೇಷನ್ ಹೆಸರು ಹೇಳೋಕೆ ಬರಲಿಲ್ಲ. ದುಡ್ಡು ಕಟ್ಟದೆ ಗದಗಿನ ಬಸ್ ಹತ್ತಿ, ಬಸ್ಸಿನಿಂದಲೇ ನನಗೆ ಫೋನ್ ಮಾಡಿದಳು.