ಮನೆಯಲ್ಲಿ ಸೀಲ್ ಮಾಡಿದ ಮಿಲಿಟರಿ ಖಿಚಡಿ: ನಾನು ಮಾಡಿದ್ದನ್ನು ದಯವಿಟ್ಟು ನೀವು ಮಾಡಬೇಡಿ

ಹಳೇ ಮಿಲಿಟರಿ ರೇಷನ್, ಅಂದರೆ ಸೈನಿಕರಿಗೆ ಕೊಡುವ ಡಬ್ಬಿ, ಪ್ಯಾಕೆಟ್ ಊಟ ಕೂಡಿಡುವವರು, ಅದೇ ಥರದ್ದನ್ನು ಮನೆಯಲ್ಲಿ ಮಾಡಿ ನೋಡುವವರು ನಮ್ಮ ಕಡೆ ಕಡಿಮೆ. ಆದರೂ ಇದ್ದೇವೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ನಾನು ಮಾಡಿದ ಒಂದು ಪ್ಯಾಕೆಟ್ ಖಿಚಡಿ ತಿಂದು ನಮ್ಮ ಕಾಕಾ ಮೂರು ದಿನ ಕಲಬುರಗಿಯ ಆಸ್ಪತ್ರೆಯಲ್ಲಿ ಮಲಗಿದರು. ಅವರಿಗೆ 74 ವರ್ಷ.

ಕಾಕಾ ಸೈನ್ಯದಲ್ಲಿ ಇದ್ದವರು. ನಾನು ಚಿಕ್ಕವನಿದ್ದಾಗ ರಜೆಗೆ ಬಂದರೆ ಟ್ರಂಕ್ ತೆಗೆದು ಹಸಿರು ಡಬ್ಬಿ, ಶಂಕರಪಾಳಿ ಪೊಟ್ಟಣ ಕೈಗೆ ಕೊಡುತ್ತಿದ್ದರು. ನನ್ನ ಹುಚ್ಚು ಅಲ್ಲಿಂದಲೇ ಶುರುವಾಯಿತು. ಖಾಲಿ ಡಬ್ಬಿ, ಬೆರಳುದ್ದದ ಡಬ್ಬಿ ಓಪನರ್, ಹೊರದೇಶದ ಪ್ಯಾಕೆಟ್ ಎಲ್ಲ ಕೂಡಿಟ್ಟೆ. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರು ತಿನ್ನುತ್ತಿದ್ದ ಹಾರ್ಡ್‌ಟ್ಯಾಕ್ ಬಿಸ್ಕತ್ತನ್ನೂ ಮಾಡಿದೆ. ಹಿಟ್ಟು, ಉಪ್ಪು, ನೀರು, ಅಷ್ಟೇ. ಮೇಲೆ ತೂತು ಚುಚ್ಚಿ, ಕಟ್ಟಿಗೆಯಂತೆ ಆಗುವ ತನಕ ಒಲೆಯಲ್ಲಿ ಒಣಗಿಸಬೇಕು. ನಮ್ಮ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಇರುವುದೂ ಇದೇ ಕಾರಣಕ್ಕೆ: ಅದರಲ್ಲಿ ನೀರಿಲ್ಲ. ಒಣ ತಿನಿಸು ಮಾಡುವಾಗ ನನಗೆ ಯಾವತ್ತೂ ತೊಂದರೆ ಆಗಲಿಲ್ಲ. ಆ ಧೈರ್ಯದಲ್ಲೇ ನೀರಿನಂಶ ಇರುವ ಊಟಕ್ಕೆ ಕೈ ಹಾಕಿದೆ.

ಕಾಕಾಗೆ ಸೈನ್ಯದ ರೆಡಿ ಊಟದ ಪ್ಯಾಕೆಟ್ ನೆನಪು ಮಾಡಿಸಬೇಕು ಅಂತ ಆಸೆ ಇತ್ತು. ದಪ್ಪ ಅಲ್ಯೂಮಿನಿಯಂ ಪೌಚ್, ಬಾಯಿ ಅಂಟಿಸುವ ಯಂತ್ರ ಎರಡನ್ನೂ ತಂದೆ. ಮಾರಿದವನು "ಒಂದ್ ವರ್ಷ ಇಟ್ರೂ ಏನೂ ಆಗಂಗಿಲ್ರಿ" ಅಂದ. ನಂಬಿದೆ. ತೊಗರಿ ಬೇಳೆ ಖಿಚಡಿ ಮಾಡಿ, ತುಪ್ಪ ಜೀರಿಗೆ ಒಗ್ಗರಣೆ ಹಾಕಿ, ಬಿಸಿ ಇರುವಾಗಲೇ ಎಂಟು ಪೌಚ್ ತುಂಬಿ ಸೀಲ್ ಮಾಡಿದೆ. ದೊಡ್ಡ ಪಾತ್ರೆಯಲ್ಲಿ ಒಂದು ತಾಸು ಕುದಿಸಿದೆ. ಮೇಲೆ ತಾರೀಖು ಬರೆದು ಮಾಳಿಗೆಯ ತಗಡಿನ ಕೋಣೆಯಲ್ಲಿ ಟ್ರಂಕ್‌ನೊಳಗೆ ಇಟ್ಟೆ. ನಮ್ಮೂರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಆ ಕೋಣೆಯಲ್ಲಿ ಮಧ್ಯಾಹ್ನ ನಿಲ್ಲೋಕೂ ಆಗುವುದಿಲ್ಲ.

ಮೂರು ವಾರ ಬಿಟ್ಟು ಕಾಕಾ, ನಾನು, ನನ್ನ ತಮ್ಮ ಬೀದರ್ ಕೋಟೆ ನೋಡೋಕೆ ಹೋದೆವು. ಮಧ್ಯಾಹ್ನ ಒಂದು ಮರದ ನೆರಳಲ್ಲಿ ಕುಳಿತು ಮೂರು ಪ್ಯಾಕೆಟ್ ತೆಗೆದೆ. ಎರಡು ಚಪ್ಪಟೆಯಾಗಿದ್ದವು. ಮೂರನೆಯದರ ಒಂದು ಮೂಲೆ ದಿಂಬಿನ ತುದಿಯಂತೆ ಸ್ವಲ್ಪ ಉಬ್ಬಿತ್ತು. ಬೆರಳಿಂದ ಒತ್ತಿದೆ, ಒಳಗೆ ಹೋಗಿ ಮತ್ತೆ ಮೇಲೆ ಬಂತು. ಸೀಲ್ ಮಾಡುವಾಗ ಉಳಿದ ಗಾಳಿ ಇರಬೇಕು ಅಂದುಕೊಂಡೆ. ಕತ್ತರಿಸಿದಾಗ ಸಣ್ಣಗೆ ಉಸ್ ಅಂತು. ಮೂಸಿ ನೋಡಿದೆ. ತುಪ್ಪ, ಜೀರಿಗೆ ವಾಸನೆ, ಬೇರೇನೂ ಇಲ್ಲ. ಅದನ್ನೇ ಕಾಕಾ ಕೈಗೆ ಕೊಟ್ಟೆ. "ಛಲೋ ಆಗ್ಯಾದ ತಮ್ಮಾ" ಅಂದು ಪೂರ್ತಿ ತಿಂದರು.

ವಾಪಸ್ ಬರುವಾಗ ಹುಮನಾಬಾದ್ ಹತ್ತಿರ ಕಾರು ನಿಲ್ಲಿಸು ಅಂದರು. ಮೊದಲು ವಾಂತಿ. ಆಮೇಲೆ ಹೊಟ್ಟೆ ನೋವು, ಭೇದಿ. ಕಲಬುರಗಿ ಮುಟ್ಟುವಷ್ಟರಲ್ಲಿ ನಾಲಿಗೆ ಒಣಗಿ ಮಾತು ಸಣ್ಣಗಾಗಿತ್ತು. ತಮ್ಮ ಹಿಂದಿನ ಸೀಟಿನಲ್ಲಿ ಅವರ ತಲೆ ಹಿಡಿದುಕೊಂಡು ಕುಳಿತಿದ್ದ.

ಏನು ತಿಂದಿದ್ದರು ಅಂತ ಡಾಕ್ಟರ್ ಕೇಳಿದರು. ಪೌಚ್ ವಿಷಯ ಹೇಳಿದ ಕೂಡಲೇ ಅವರ ಮುಖ ಬದಲಾಯಿತು. ಸಲೈನ್ ಹಾಕಿಸಿ, ಕಾಕಾ ಕಣ್ಣ ಮುಂದೆ ಒಂದು ಬೆರಳು ಹಿಡಿದು ಆಚೆ ಈಚೆ ಆಡಿಸಿದರು. "ಅಜ್ಜಾರೆ, ಎರಡೆರಡು ಕಾಣ್ತಾವೇನ್ರಿ? ನೀರು ನುಂಗಾಕ ಆಗ್ತದೇನ್ರಿ?" ರಾತ್ರಿಯೆಲ್ಲ ನರ್ಸ್ ಬಂದು ಇದೇ ಕೇಳುತ್ತಿದ್ದರು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಕ್ಲಾಸ್ಟ್ರಿಡಿಯಂ ಬಾಟುಲಿನಂ ಅನ್ನುವ ಬ್ಯಾಕ್ಟೀರಿಯಾದ ವಿಷ ಹತ್ತಿದ್ದರೆ ಕಣ್ಣ ರೆಪ್ಪೆ ಜೋತುಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ. ಆಮೇಲೆ ಉಸಿರಾಟದ ಸ್ನಾಯುಗಳೇ ನಿಂತುಹೋಗಬಹುದು. ಸಾಮಾನ್ಯವಾಗಿ ತಿಂದ 12ರಿಂದ 36 ತಾಸಿನೊಳಗೆ ಶುರುವಾಗುತ್ತದೆ, ಕೆಲವರಿಗೆ ಇನ್ನೂ ತಡವಾಗಿ. ಕಾಕಾಗೆ ಆಗಿದ್ದು ಅದಲ್ಲ, ಅನ್ನ ಬೇಳೆಯಲ್ಲಿ ಬೆಳೆಯುವ ಬೇರೆ ಯಾವುದೋ ಬ್ಯಾಕ್ಟೀರಿಯಾ ಇರಬೇಕು ಅಂದರು ಡಾಕ್ಟರ್. ಆ ಎರಡು ರಾತ್ರಿ ನಾನು ಅವರ ರೆಪ್ಪೆಯನ್ನೇ ನೋಡುತ್ತಾ ಕುಳಿತಿದ್ದೆ.

ನಾನು ತಪ್ಪಿದ್ದು ಎಲ್ಲಿ ಅಂತ ಬಿಡಿಸಿ ಹೇಳಬೇಕು. ಡಾಕ್ಟರ್ ಹೆದರಿದ್ದ ಆ ಬಾಟುಲಿನಂ ಬ್ಯಾಕ್ಟೀರಿಯಾ ಬೀಜದಂಥ ಗಟ್ಟಿ ರೂಪದಲ್ಲಿ ಮಣ್ಣಿನಲ್ಲೇ ಇರುತ್ತದೆ. ಕುದಿಯುವ ನೀರಿಗೆ ಅದು ಸಾಯುವುದಿಲ್ಲ. ಎಷ್ಟು ಹೊತ್ತು ಕುದಿಸಿದರೂ ತೆರೆದ ಪಾತ್ರೆಯ ನೀರು 100 ಡಿಗ್ರಿ ದಾಟಲ್ಲ ಅಲ್ವಾ? ಅದನ್ನು ಕೊಲ್ಲೋಕೆ ಒತ್ತಡದ ಹಬೆಯಲ್ಲಿ ಸುಮಾರು 121 ಡಿಗ್ರಿ ಬೇಕು. ಆ ಬಿಸಿ ಪೌಚ್‌ನ ನಟ್ಟನಡುವಿನ ಅನ್ನದ ಕಾಳಿಗೂ ಮುಟ್ಟಿ, ಲೆಕ್ಕದಷ್ಟು ನಿಮಿಷ ನಿಲ್ಲಬೇಕು. ಗಾಳಿ ತೆಗೆದು ಸೀಲ್ ಮಾಡಿದರೆ ಕೆಡುವುದಿಲ್ಲ ಅಂತ ನಾನು ತಿಳಿದಿದ್ದೆ. ಆದರೆ ಇದು ಬೆಳೆಯೋದೇ ಗಾಳಿ ಇಲ್ಲದ ಕಡೆ. ಹುಳಿ ಇಲ್ಲದ, ನೀರಿನಂಶ ಇರುವ ಖಿಚಡಿ, ಬಿಸಿ ಕೋಣೆ, ಮುಚ್ಚಿದ ಪೌಚ್: ಬೇಕಾದ್ದನ್ನೆಲ್ಲ ನಾನೇ ಕೂಡಿಸಿ ಕೊಟ್ಟಿದ್ದೆ.

ಕುಕ್ಕರ್‌ನಲ್ಲಿ ಇಟ್ಟರೆ ಆಗಲ್ವಾ ಅಂತ ಕೆಲವರು ಈಗಾಗಲೇ ಕೇಳಿದ್ದಾರೆ. ಬೇಡ. ಪೌಚ್ ನಡುವಿನ ಬಿಸಿ ಅಳೆಯೋಕೆ ಮನೆಯಲ್ಲಿ ದಾರಿ ಇಲ್ಲ. ಒತ್ತಡ ಇಳಿಯುವಾಗ ಸೀಲ್ ಬಿಚ್ಚಿಕೊಳ್ಳಬಹುದು. ಕಾರ್ಖಾನೆಯ ಯಂತ್ರದಲ್ಲಿ ಹೊರಗಿನಿಂದ ಗಾಳಿಯ ಒತ್ತಡ ಕೊಟ್ಟು ಪೌಚ್ ಒಡೆಯದಂತೆ ನೋಡಿಕೊಳ್ಳುತ್ತಾರೆ. ನಮ್ಮ ಸೈನ್ಯಕ್ಕೆ ಇಂಥ ಊಟ ರೂಪಿಸೋಕೆ ಮೈಸೂರಿನಲ್ಲಿ 1961ರಿಂದ ಒಂದು ಪ್ರಯೋಗಾಲಯವೇ ಕೆಲಸ ಮಾಡಿದೆ.

ಕೊಂಡು ತಂದ ಹಳೇ ರೇಷನ್ ವಿಷಯಕ್ಕೂ ಬರುತ್ತೇನೆ. ವಿಡಿಯೋಗಳಲ್ಲಿ ಎರಡನೇ ಮಹಾಯುದ್ಧದ ಡಬ್ಬಿ ತೆರೆದು ತಿನ್ನುತ್ತಾರೆ. ಅವರು ಬದುಕಿದ್ದಾರೆ ಅನ್ನೋದು ನಿಮ್ಮ ಡಬ್ಬಿಗೆ ಗ್ಯಾರಂಟಿ ಅಲ್ಲ. ಅಮೆರಿಕದ ಸೈನಿಕರ ರೆಡಿ ಊಟವಾದ ಎಮ್‌ಆರ್‌ಇ ಪ್ಯಾಕೆಟ್‌ಗಳಿಗೆ 27 ಡಿಗ್ರಿಯಲ್ಲಿ ಇಟ್ಟರೆ ಕನಿಷ್ಠ 3 ವರ್ಷ ಅನ್ನುತ್ತಾರೆ. ಅದೇ 38 ಡಿಗ್ರಿಯಲ್ಲಿ 6 ತಿಂಗಳು. ನಮ್ಮ ಕಲಬುರಗಿ, ಯಾದಗಿರಿ ಬೇಸಿಗೆಗೆ ಈ ಲೆಕ್ಕ ಹಾಕಿ ನೋಡಿ. ಮಾರುವವರು ಅದನ್ನು ಎಲ್ಲಿ ಇಟ್ಟಿದ್ದರು ಅಂತ ನಿಮಗೆ ಗೊತ್ತಾಗುವುದೇ ಇಲ್ಲ. ತುಂಬಾ ಹಳೇ ಡಬ್ಬಿಗಳ ಬೆಸುಗೆಯಲ್ಲಿ ಸೀಸವೂ ಇರಬಹುದು. ಪ್ಯಾಕೆಟ್ ಜೊತೆ ಬರುವ ನೀರು ಹಾಕಿದರೆ ಬಿಸಿಯಾಗುವ ಚೀಲವನ್ನು ಕಾರಿನೊಳಗೆ, ಮುಚ್ಚಿದ ಕೋಣೆಯಲ್ಲಿ ಬಳಸಬೇಡಿ. ಅದರಿಂದ ಹೊರಡುವುದು ಹೈಡ್ರೋಜನ್, ಬೆಂಕಿ ಹಿಡಿಯುವ ಅನಿಲ.

ನಿಮ್ಮಲ್ಲಿ ಉಬ್ಬಿದ, ಸೋರುವ, ತುಕ್ಕು ತಿಂದ ಡಬ್ಬಿ ಇದ್ದರೆ ತೆರೆಯಬೇಡಿ, ಮೂಸಬೇಡಿ, ರುಚಿ ನೋಡಲೇಬೇಡಿ. ಬಾಟುಲಿನಂ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಚಪ್ಪಟೆ ಇದೆ ಅಂತ ಮನೆಯಲ್ಲಿ ಮಾಡಿದ ಪೌಚ್ ಇಟ್ಟುಕೊಳ್ಳಬೇಡಿ. ಉಳಿದ ಐದನ್ನು ನಾನು ತೆರೆಯದೆ ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನಾಯಿ ದನ ಬಾಯಿ ಹಾಕದಂತೆ ನೇರವಾಗಿ ಕಸದ ಗಾಡಿಯವರ ಕೈಗೇ ಕೊಟ್ಟೆ. ಏನು ಅಂತ ಹೇಳಿಯೇ ಕೊಟ್ಟೆ.

ಕಾಕಾ ಈಗ ಹುಷಾರಾಗಿದ್ದಾರೆ, ಆದರೆ ಮೊದಲಿನಷ್ಟು ಊಟ ಸೇರುತ್ತಿಲ್ಲ. ಹೋದ ವಾರ ಅವ್ವ ಶಂಕರಪಾಳಿ ಕರಿದಿದ್ದಳು. ಎರಡು ತುಂಡು ಬಾಯಿಗೆ ಹಾಕಿಕೊಂಡು, ಉಳಿದಿದ್ದನ್ನು ಹಳೇ ಹಸಿರು ಡಬ್ಬಿಗೆ ತುಂಬಿಸಿ ನನ್ನ ಕೈಗೆ ಕೊಟ್ಟರು.