ಪ್ರಿಂಟ್‌ನಲ್ಲಿ ಬಿಳಿ ಗೆರೆ: ಹೆಡ್ ಕ್ಲೀನಿಂಗೋ, ಕೈಯಲ್ಲಿ ಒರೆಸೋದೋ, ಹೊಸ ಕಾರ್ಟ್ರಿಡ್ಜೋ?

ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಮೊದಲು ನಾಝಲ್ ಚೆಕ್ ಹಾಳೆ ತೆಗೆಯಿರಿ. ಇಂಕ್ ಬರುವ ಸಣ್ಣ ತೂತುಗಳು (ನಾಝಲ್) ಸರಿಯಿವೆಯಾ ಅಂತ ತೋರಿಸೋಕೆ ಪ್ರಿಂಟರೇ ಹಾಕಿಕೊಡುವ ಹಾಳೆ ಇದು. ಅದರಲ್ಲಿನ ಗೆರೆಗಳು ಎಲ್ಲೂ ತುಂಡಾಗಿಲ್ಲವಾ? ಹಾಗಾದರೆ ಹೆಡ್ (ನಾಝಲ್‌ಗಳಿರುವ ಭಾಗ) ಕಟ್ಟಿಕೊಂಡಿಲ್ಲ. ಪೇಪರ್ ಸೆಟ್ಟಿಂಗ್, ಅಲೈನ್‌ಮೆಂಟ್ ನೋಡಿ, ಸಾಕು.

ತುಂಡಾಗಿದ್ದರೆ ಸುಲಭದ ದಾರಿ ಹೆಡ್ ಕ್ಲೀನಿಂಗ್. ಬಟನ್ ಒತ್ತಿದರಾಯಿತು, ಆದರೆ ಪುಕ್ಕಟೆಯಲ್ಲ. ಪ್ರತಿ ಸಲವೂ ಇಂಕ್ ಸುಮ್ನೆ ವೇಸ್ಟ್ ಪ್ಯಾಡ್‌ಗೆ (ಚೆಲ್ಲಿದ ಇಂಕ್ ಹೀರುವ ಒಳಗಿನ ಪ್ಯಾಡ್) ಹೋಗುತ್ತದೆ. ಎರಡು ಮೂರು ಸಲ ಮಾಡಿ, ಆಗದಿದ್ದರೆ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ನೋಡಿ. ವಾರಗಟ್ಟಲೆ ಬಳಸದೆ ಇಂಕ್ ಸ್ವಲ್ಪ ಒಣಗಿದ್ದರೆ ಇದೇ ಸರಿ.

ಖರ್ಚು ಕಡಿಮೆ ಬೇಕೆಂದರೆ ಕೈಕೆಲಸ. ಎಚ್‌ಪಿ 805 ತರಹದ ಕಾರ್ಟ್ರಿಡ್ಜ್‌ನಲ್ಲಿ ಹೆಡ್ ಅದರಲ್ಲೇ ಇರುತ್ತದೆ. ಡಿಸ್ಟಿಲ್ಡ್ ವಾಟರ್ ಉಗುರುಬೆಚ್ಚಗೆ ಮಾಡಿ, ನೂಲು ಬಿಡದ ಬಟ್ಟೆ ಒದ್ದೆ ಮಾಡಿ, ನಾಝಲ್ ಭಾಗವನ್ನು ಒಂದು ನಿಮಿಷ ಅದರ ಮೇಲೆ ಒತ್ತಿಡಿ. ಉಜ್ಜಬೇಡಿ. ನಲ್ಲಿ ನೀರು ಬೇಡ, ಅದರ ಉಪ್ಪಿನಂಶ ಅಲ್ಲೇ ಕೂರುತ್ತದೆ. ಕಾರ್ಟ್ರಿಡ್ಜ್ ಮೇಲಿನ ತಾಮ್ರದ ಬಣ್ಣದ ಕಾಂಟ್ಯಾಕ್ಟ್ (ವಿದ್ಯುತ್ ಸಂಪರ್ಕದ ಭಾಗ) ಮುಟ್ಟಬೇಡಿ. ಎಪ್ಸನ್ ಇಂಕ್ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಹೆಡ್ ಒಳಗೇ ಇರುತ್ತದೆ, ಅಲ್ಲಿ ಈ ಸಾಹಸ ಅನುಭವ ಇಲ್ಲದವರಿಗಲ್ಲ.

ಹೊಸ ಕಾರ್ಟ್ರಿಡ್ಜ್‌ಗೆ ದುಡ್ಡು ಜಾಸ್ತಿ. ಹೆಡ್ ಕಾರ್ಟ್ರಿಡ್ಜ್‌ನಲ್ಲೇ ಇದ್ದರೆ ಅದೂ ಹೊಸದಾಗಿ ಬರುತ್ತದೆ, ಹಳೆಯದನ್ನು ಹಲವು ಸಲ ರೀಫಿಲ್ ಮಾಡಿಸಿದ್ದರೆ ತಗೊಳ್ಳಿ. ಟ್ಯಾಂಕ್ ಪ್ರಿಂಟರ್‌ನವರು ಹೊಸ ಇಂಕ್ ಸುರಿದರೆ ಕಟ್ಟಿದ ಹೆಡ್ ಬಿಡುವುದಿಲ್ಲ, ಸರ್ವಿಸ್‌ನವರಿಗೇ ತೋರಿಸಿ.